ಸಂತೋಷದ ಪಟ್ಟಿಯಲ್ಲಿ ನಾವು 118: ಅಳತೆಗೋಲು ಯಾರದ್ದು?

ಪ್ರತಿ ವರ್ಷ ಮಾರ್ಚ್ 20ರ ಆಸುಪಾಸಿನಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಫಿನ್ಲೆಂಡ್ ಜಗತ್ತಿನಲ್ಲೇ ಅತಿ ಸಂತೋಷದ ದೇಶ, ಭಾರತ ಎಲ್ಲೋ ಕೆಳಗೆ. ವಿಶ್ವ ಸಂತೋಷ ವರದಿಯ 2025ರ ಪಟ್ಟಿಯಲ್ಲಿ 147 ದೇಶಗಳ ಪೈಕಿ ನಮ್ಮದು 118ನೇ ಸ್ಥಾನ. ನೇಪಾಳ 92, ಪಾಕಿಸ್ತಾನ 109. ಯುದ್ಧದ ನಡುವೆ ಇರುವ ಯುಕ್ರೇನ್ ಕೂಡ 111. ಓದಿದವರಿಗೆ ತಲೆ ಕೆಡುವುದು ಸಹಜವೇ. ಒಂದಷ್ಟು ಜನ ‘ಇದೆಲ್ಲ ಪಶ್ಚಿಮದವರ ಕಿತಾಪತಿ’ ಎನ್ನುತ್ತಾರೆ. ಇನ್ನೊಂದಷ್ಟು ಜನ ‘ನಮ್ಮ ದೇಶದ ಹಣೆಬರಹವೇ ಇಷ್ಟು’ ಎಂದು ಕೈ ಚೆಲ್ಲುತ್ತಾರೆ. ಎರಡು ದಿನ ಜಗಳ ನಡೆದು ಸುದ್ದಿ ಸಾಯುತ್ತದೆ.

ಇದರ ಜೊತೆಗೆ ಇನ್ನೊಂದು ಬಗೆಯ ಸುದ್ದಿಯನ್ನೂ ನೀವು ನೋಡಿರಬಹುದು. ಹತ್ತಾರು ದೇಶಗಳ ಮನಃಶಾಸ್ತ್ರ ವಿದ್ಯಾರ್ಥಿಗಳು ಒಂದು ಊರಲ್ಲಿ ಸೇರಿ, ಸಂತೋಷ ಎಂದರೇನು, ಸಂಸ್ಕೃತಿಗಳ ನಡುವೆ ಕೊಡುಕೊಳ್ಳುವಿಕೆ ಹೇಗೆ ಎಂದು ವಾರವಿಡೀ ಮಾತಾಡುತ್ತಾರೆ. ಹೊರಗಿನಿಂದ ನೋಡಿದರೆ ಪಿಕ್‌ನಿಕ್ ಥರ ಕಾಣುತ್ತದೆ. ಆದರೆ ಈ ಎರಡು ಸುದ್ದಿಗಳಿಗೆ ಸಂಬಂಧ ಇದೆ. ಮನುಷ್ಯರ ಮನಸ್ಸನ್ನು ಅಳೆಯುವ ವಿದ್ಯೆ ಬಹುಕಾಲ ನಿಂತಿದ್ದೇ ಇಂಥ ವಿದ್ಯಾರ್ಥಿಗಳು ಕೊಟ್ಟ ಉತ್ತರಗಳ ಮೇಲೆ.

ಒಂದೇ ಒಂದು ಪ್ರಶ್ನೆ

ಮೊದಲು ಪಟ್ಟಿ ಹೇಗೆ ತಯಾರಾಗುತ್ತದೆ ನೋಡೋಣ. ಇದರ ಹಿಂದಿನ ಕಥೆ ಶುರುವಾಗುವುದು ಭೂತಾನಿನಿಂದ. 2011ರ ಜುಲೈನಲ್ಲಿ ಭೂತಾನ್ ಮುಂದಿಟ್ಟ ನಿರ್ಣಯವನ್ನು ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿತು. ಅಭಿವೃದ್ಧಿಯನ್ನು ದುಡ್ಡಿನಲ್ಲಿ ಮಾತ್ರ ಅಳೆಯಬೇಡಿ, ಜನರ ಸಂತೋಷವನ್ನೂ ಲೆಕ್ಕಕ್ಕೆ ತಗೊಳ್ಳಿ ಎನ್ನುವುದು ಅದರ ತಿರುಳು. ಮೊದಲ ವಿಶ್ವ ಸಂತೋಷ ವರದಿ ಬಂದದ್ದು 2012ರಲ್ಲಿ. (ಕಥೆ ಶುರುಮಾಡಿದ ಭೂತಾನ್ 2019ರಲ್ಲಿ 95ನೇ ಸ್ಥಾನದಲ್ಲಿತ್ತು. ಆಮೇಲೆ ಸಮೀಕ್ಷೆಯ ಮಾಹಿತಿ ಇಲ್ಲದೆ ಪಟ್ಟಿಯಿಂದಲೇ ಬಿಟ್ಟುಹೋಯಿತು.)

ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. ಆದಾಯ, ಆರೋಗ್ಯ, ಕಷ್ಟಕ್ಕಾಗುವ ಜನ, ಸ್ವಾತಂತ್ರ್ಯ, ಔದಾರ್ಯ, ಭ್ರಷ್ಟಾಚಾರ ಈ ಆರು ಸಂಗತಿಗಳಿಗೆ ಅಂಕ ಕೊಟ್ಟು, ಕೂಡಿಸಿ ಸ್ಥಾನ ಕೊಡುತ್ತಾರೆ ಎಂದು ಪತ್ರಿಕೆಗಳು ಬರೆಯುತ್ತವೆ. ಹಾಗಲ್ಲ. ಸ್ಥಾನ ಸಿಗುವುದು ಒಂದೇ ಒಂದು ಪ್ರಶ್ನೆಯಿಂದ. ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆಯವರು ಒಂದು ದೇಶದಲ್ಲಿ ವರ್ಷಕ್ಕೆ ಸಾಮಾನ್ಯವಾಗಿ ಸುಮಾರು 1000 ಜನರನ್ನು ಕೇಳುತ್ತಾರೆ: ಒಂದು ಏಣಿ ಇದೆ ಅಂದುಕೊಳ್ಳಿ. ಕೆಳಗಿನ ಮೆಟ್ಟಿಲು 0, ಮೇಲಿನದು 10. ಮೇಲಿನದು ನಿಮಗೆ ಸಿಗಬಹುದಾದ ಅತಿ ಒಳ್ಳೆಯ ಬದುಕು, ಕೆಳಗಿನದು ಅತಿ ಕೆಟ್ಟ ಬದುಕು. ಈಗ ನೀವು ಯಾವ ಮೆಟ್ಟಿಲ ಮೇಲೆ ನಿಂತಿದ್ದೀರಿ?

ಅಷ್ಟೇ. ಮೂರು ವರ್ಷದ ಉತ್ತರಗಳ ಸರಾಸರಿಯೇ ಆ ದೇಶದ ಅಂಕ. 2025ರಲ್ಲಿ ಫಿನ್ಲೆಂಡಿಗೆ 7.736, ಭಾರತಕ್ಕೆ 4.389. ಆ ಆರು ಸಂಗತಿಗಳು ಬರುವುದು ಆಮೇಲೆ. ದೇಶ ದೇಶಗಳ ನಡುವೆ ಯಾಕೆ ಇಷ್ಟು ಅಂತರ ಎಂದು ವಿವರಿಸುವುದಕ್ಕೆ ಮಾತ್ರ ಅವು ಬೇಕು. ಸ್ಥಾನ ನಿರ್ಧಾರದಲ್ಲಿ ಅವುಗಳ ಕೈವಾಡ ಏನೂ ಇಲ್ಲ.

ಇನ್ನೊಂದು ವಿಷಯ ಗಮನಿಸಿ. ಈ ಪ್ರಶ್ನೆಯಲ್ಲಿ ಸಂತೋಷದ ಮಾತೇ ಇಲ್ಲ. ನಿನ್ನೆ ನಕ್ಕಿರಾ, ಮನಸ್ಸು ಹಗುರವಾಗಿದೆಯಾ ಎಂದು ಕೇಳಿಲ್ಲ. ಬದುಕಿನ ಲೆಕ್ಕಾಚಾರ ಹೇಗಿದೆ ಎಂದು ಕೇಳಿದ್ದಾರೆ. ಏಣಿಯ ಪ್ರಶ್ನೆಯನ್ನು ಅಮೆರಿಕದ ಮನಃಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ 1960ರ ದಶಕದಲ್ಲಿ ರೂಪಿಸಿದಾಗಲೂ ಅದರ ಉದ್ದೇಶ ಜನರ ಆಸೆ, ಆತಂಕಗಳನ್ನು ತಿಳಿಯುವುದಾಗಿತ್ತು.

ಏಣಿಯ ಪರ ಇರುವವರ ವಾದ

ಹಾಗಂತ ಇದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ವರದಿಯ ಸಂಪಾದಕರಲ್ಲಿ ಒಬ್ಬರಾದ ಕೆನಡಾದ ಅರ್ಥಶಾಸ್ತ್ರಜ್ಞ ಜಾನ್ ಹೆಲಿವೆಲ್ ಮೊದಲಾದವರು ಹೇಳುವುದು ಇಷ್ಟು. ಒಳ್ಳೆಯ ಬದುಕು ಯಾವುದು ಎಂದು ನಾವು ಹೇಳುವುದಿಲ್ಲ, ಉತ್ತರಿಸುವವರೇ ಹೇಳಿಕೊಳ್ಳುತ್ತಾರೆ. ತಜ್ಞರು ಕೂತು ಹತ್ತು ಅಂಶಗಳಿಗೆ ತೂಕ ಕೊಡುವುದಕ್ಕಿಂತ ಇದು ಜಾಸ್ತಿ ಪ್ರಾಮಾಣಿಕ ಅಲ್ವಾ?

ಅವರ ಕೈಯಲ್ಲಿ ಗಟ್ಟಿ ಪುರಾವೆಯೂ ಇದೆ. 2018ರ ವರದಿಯಲ್ಲಿ ವಲಸೆ ಬಂದವರ ಉತ್ತರಗಳನ್ನು ಬೇರೆ ಮಾಡಿ ನೋಡಿದರು. ಉತ್ತರಿಸುವ ರೀತಿ ಪೂರ್ತಿ ಸಂಸ್ಕೃತಿಯದೇ ಆಗಿದ್ದರೆ, ಸೊಮಾಲಿಯಾದಿಂದಲೋ ಇರಾಕಿನಿಂದಲೋ ಫಿನ್ಲೆಂಡಿಗೆ ಬಂದವರು ತಮ್ಮ ಊರಿನವರ ಹಾಗೇ ಉತ್ತರಿಸಬೇಕಿತ್ತು. ಹಾಗಾಗಲಿಲ್ಲ. ವಲಸಿಗರ ಅಂಕ ಸ್ಥಳೀಯರ ಅಂಕದ ಹತ್ತಿರ ಹತ್ತಿರ ಬಂತು. ವಲಸಿಗರ ಸಂತೋಷದ ಪಟ್ಟಿಯಲ್ಲೂ ಫಿನ್ಲೆಂಡೇ ಮೊದಲು. ಅಂದರೆ ಏಣಿ ಹಿಡಿಯುತ್ತಿರುವುದು ಬರೀ ಸ್ವಭಾವವನ್ನಲ್ಲ. ಬಸ್ಸು ಹೊತ್ತಿಗೆ ಬರುತ್ತದೆಯಾ, ಆಸ್ಪತ್ರೆಯಲ್ಲಿ ಲಂಚ ಕೇಳುತ್ತಾರಾ, ಕೆಲಸ ಹೋದರೆ ಗತಿ ಏನು ಎನ್ನುವ ವಾಸ್ತವವನ್ನೂ ಅದು ಹಿಡಿಯುತ್ತಿದೆ. ಆದರೂ ಬಿಟ್ಟು ಬಂದ ದೇಶದ ಛಾಯೆ ಆ ಉತ್ತರಗಳಲ್ಲಿ ಸ್ವಲ್ಪ ಉಳಿದಿತ್ತು. ಅದು ಎಷ್ಟು ದೊಡ್ಡದು ಎನ್ನುವುದರ ಮೇಲೇ ಜಗಳ.

ಫಿನ್ಲೆಂಡ್ ಬಗ್ಗೆಯೂ ಒಂದು ಮಾತು. ‘ಅಲ್ಲಿ ಆತ್ಮಹತ್ಯೆ ಜಾಸ್ತಿ, ಅವರೆಂಥ ಸಂತೋಷದವರು’ ಎನ್ನುವ ವಾದ ಪ್ರತಿ ವರ್ಷ ಕೇಳುತ್ತದೆ. ಅದು ಹಳೇ ಮಾಹಿತಿ. 1990ರಲ್ಲಿ ಅಲ್ಲಿ ಲಕ್ಷಕ್ಕೆ 30ರಷ್ಟು ಜನ ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದರು. 1986ರಿಂದ 1996ರವರೆಗೆ ಸರ್ಕಾರ ದೇಶಾದ್ಯಂತ ತಡೆ ಯೋಜನೆ ನಡೆಸಿತು. ಆ ಪ್ರಮಾಣ ಈಗ ಸುಮಾರು ಅರ್ಧಕ್ಕೆ ಇಳಿದಿದೆ.

ಏಣಿ ಎಂದ ಕೂಡಲೇ ದುಡ್ಡು ನೆನಪಾಗುತ್ತದೆ

ಈಗ ಎದುರು ವಾದ. 2024ರಲ್ಲಿ ಸೈಂಟಿಫಿಕ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬ್ರಿಟನ್ನಿನ 1500ಕ್ಕೂ ಹೆಚ್ಚು ವಯಸ್ಕರಿಗೆ ಏಣಿಯ ಪ್ರಶ್ನೆ ತೋರಿಸಿ, ಇದನ್ನು ಓದಿದಾಗ ನಿಮ್ಮ ತಲೆಗೆ ಏನು ಬಂತು ಎಂದು ಕೇಳಿದರು. ಜನ ಬರೆದದ್ದು ಹೆಚ್ಚಾಗಿ ದುಡ್ಡು ಮತ್ತು ಅಧಿಕಾರದ ಬಗ್ಗೆ. ಏಣಿಯ ಚಿತ್ರ ತೆಗೆದು ಅದೇ ಪ್ರಶ್ನೆ ಕೇಳಿದಾಗ ಆ ಮಾತುಗಳು ಕಡಿಮೆಯಾದವು. ಒಳ್ಳೆಯ ಬದುಕಿನ ಬದಲು ಸಾಮರಸ್ಯದ ಬಗ್ಗೆ ಕೇಳಿದಾಗ ಇನ್ನೂ ಕಡಿಮೆಯಾದವು.

ಯಾಕೆ ಹೀಗೆ? ಏಣಿಯಲ್ಲಿ ಮೇಲೆ ಇದೆ, ಕೆಳಗೆ ಇದೆ. ಮೇಲಿರುವವರು ಯಾರು ಎಂದು ಮನಸ್ಸು ತಾನಾಗಿ ಹುಡುಕುತ್ತದೆ. ಹಾಗಾಗಿ ಪ್ರಶ್ನೆ ಕೇಳುವ ರೀತಿಯೇ ಉತ್ತರವನ್ನು ಒಂದು ಕಡೆ ಎಳೆಯುತ್ತದೆ. ಶ್ರೀಮಂತ ದೇಶಗಳು ಮೇಲೆ ಬರುವುದರಲ್ಲಿ ಇದರ ಪಾಲೂ ಇರಬಹುದು.

ಬೇರೆ ಪ್ರಶ್ನೆ ಕೇಳಿದರೆ ಪಟ್ಟಿಯೇ ಬೇರೆಯಾಗುತ್ತದೆ. ಅದೇ ಗ್ಯಾಲಪ್‌ನವರು ನಿನ್ನೆ ಜಾಸ್ತಿ ನಕ್ಕಿರಾ, ಚೆನ್ನಾಗಿ ವಿಶ್ರಾಂತಿ ಸಿಕ್ಕಿತಾ, ಜನ ಮರ್ಯಾದೆಯಿಂದ ನಡೆಸಿಕೊಂಡರಾ, ಏನಾದರೂ ಹೊಸದು ಕಲಿತಿರಾ ಎಂದೂ ಕೇಳುತ್ತಾರೆ. ಇದರಲ್ಲಿ ಮುಂದಿರುವುದು ಪರಗ್ವೆ, ಪನಾಮಾ, ಗ್ವಾಟೆಮಾಲಾದಂಥ ಲ್ಯಾಟಿನ್ ಅಮೆರಿಕದ ದೇಶಗಳು. ದುಡ್ಡಿನಲ್ಲಿ ಇವು ಯಾವುವೂ ಫಿನ್ಲೆಂಡಿನ ಹತ್ತಿರಕ್ಕೂ ಬರುವುದಿಲ್ಲ.

ಸಂಸ್ಕೃತಿಯ ಪ್ರಭಾವ ಇನ್ನೂ ಆಳದಲ್ಲಿದೆ. ಹೇಝಲ್ ಮಾರ್ಕಸ್ ಮತ್ತು ಶಿನೋಬು ಕಿತಾಯಾಮಾ 1991ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದರು. ಕೆಲವು ಸಮಾಜಗಳಲ್ಲಿ ‘ನಾನು’ ಎಂದರೆ ಒಂಟಿ ವ್ಯಕ್ತಿ. ಕೆಲವು ಸಮಾಜಗಳಲ್ಲಿ ನಾನು ಎಂದರೆ ಮನೆ, ನೆಂಟರು, ಊರು ಎಲ್ಲ ಸೇರಿದ್ದು. ಎರಡನೇ ಬಗೆಯ ಸಮಾಜದಲ್ಲಿ ‘ನಿನ್ನ ಬದುಕು ಎಷ್ಟು ಚೆನ್ನಾಗಿದೆ’ ಎನ್ನುವ ಪ್ರಶ್ನೆಗೆ ಒಬ್ಬನೇ ಕೂತು ಉತ್ತರ ಕೊಡುವುದೇ ವಿಚಿತ್ರ. ಮಗಳ ಮದುವೆ ಆಗಿಲ್ಲ, ತಮ್ಮನಿಗೆ ಕೆಲಸ ಇಲ್ಲ. ನನ್ನ ಸಂಬಳ ಚೆನ್ನಾಗಿದೆ ಎಂದು 8 ಹೇಳುವುದು ಹೇಗೆ?

ಸ್ಟ್ಯಾನ್‌ಫರ್ಡಿನ ಜೀನ್ ತ್ಸಾಯ್ ಅವರ ಕೆಲಸ ಇನ್ನೊಂದು ಮಗ್ಗುಲು ತೋರಿಸುತ್ತದೆ. ಜನ ಬಯಸುವ ಸಂತೋಷವೂ ಒಂದೇ ಥರ ಇರುವುದಿಲ್ಲ. ಅಮೆರಿಕದವರು ಹುರುಪು, ಉತ್ಸಾಹಕ್ಕೆ ಬೆಲೆ ಕೊಟ್ಟರೆ ಪೂರ್ವ ಏಷ್ಯಾದವರು ನೆಮ್ಮದಿಗೆ ಕೊಡುತ್ತಾರೆ. ಆದರೆ ಪೂರ್ವ ಹೀಗೆ, ಪಶ್ಚಿಮ ಹಾಗೆ ಎಂದು ಗೆರೆ ಎಳೆದು ಕೂರುವಂತೆಯೂ ಇಲ್ಲ. 2022ರ ವಿಶ್ವ ಸಂತೋಷ ವರದಿಯಲ್ಲಿ ಈ ಬಗ್ಗೆ ನೇರವಾಗಿ ಕೇಳಿದ್ದರು. ರೋಚಕ ಬದುಕು ಬೇಕಾ, ಶಾಂತ ಬದುಕು ಬೇಕಾ? ಪೂರ್ವವೋ ಪಶ್ಚಿಮವೋ, ಹೆಚ್ಚುಕಡಿಮೆ ಎಲ್ಲ ಕಡೆ ಹೆಚ್ಚಿನವರು ಶಾಂತ ಬದುಕನ್ನೇ ಆರಿಸಿದರು.

ಸಂತೋಷ ತೋರಿಸಿಕೊಳ್ಳುವ ಹೆದರಿಕೆಯೂ ಒಂದಿದೆ. ಮೊಹ್ಸೆನ್ ಜೋಶನ್‌ಲೂ ಮತ್ತು ಡ್ಯಾನ್ ವೈಜರ್ಸ್ 2014ರಲ್ಲಿ ಇದರ ಬಗ್ಗೆ ಬರೆದರು. ಹೆಚ್ಚು ಖುಷಿ ಪಟ್ಟರೆ ಹಿಂದೆಯೇ ಕೆಟ್ಟದ್ದು ಬರುತ್ತದೆ, ಬೇರೆಯವರ ಕಣ್ಣು ಬೀಳುತ್ತದೆ ಎಂಬ ನಂಬಿಕೆ ಹಲವು ಸಮಾಜಗಳಲ್ಲಿದೆ. ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಮಗು ಗುಂಡುಗುಂಡಾಗಿದ್ದರೆ ಕೆನ್ನೆಗೆ ಕಪ್ಪು ಬೊಟ್ಟು ಇಡುವ ಜನ ನಾವು. ವ್ಯಾಪಾರ ಹೇಗಿದೆ ಎಂದು ಕೇಳಿದರೆ, ಮೂರು ಅಂಗಡಿ ಇರುವವರೂ ‘ಏನೋ ನಡೀತಿದೆ ಸ್ವಾಮಿ’ ಎನ್ನುತ್ತಾರೆ. ಅಪರಿಚಿತರೊಬ್ಬರು ಮನೆ ಬಾಗಿಲಿಗೆ ಬಂದು ನಿಮ್ಮ ಬದುಕಿಗೆ ಹತ್ತಕ್ಕೆ ಎಷ್ಟು ಎಂದು ಕೇಳಿದಾಗ ಇಂಥವರ ಬಾಯಲ್ಲಿ 9 ಬರುತ್ತದಾ?

ಹಾಗಾದರೆ ನಮ್ಮ ಜನ ನಿಜಕ್ಕೂ ಸುಖವಾಗಿದ್ದಾರೆ, ಪಟ್ಟಿ ಸುಳ್ಳು ಎನ್ನಬಹುದಾ? ಅದೂ ಆಗದು. ಎಡ್ ಡೀನರ್ ಮತ್ತು ರಾಬರ್ಟ್ ಬಿಸ್ವಾಸ್-ಡೀನರ್ 2001ರಲ್ಲಿ ಪ್ರಕಟಿಸಿದ ಕೋಲ್ಕತ್ತದ ಅಧ್ಯಯನ ನೋಡಿ. ಕೊಳೆಗೇರಿಯವರು, ಲೈಂಗಿಕ ಕಾರ್ಯಕರ್ತೆಯರು, ಬೀದಿ ಬದಿಯಲ್ಲಿ ಬದುಕುವವರು ಸೇರಿ 83 ಜನರನ್ನು ಮಾತಾಡಿಸಿದರು. ಒಟ್ಟು ಬದುಕು ಹೇಗಿದೆ ಎಂದರೆ ಉತ್ತರ ಮಧ್ಯಮಕ್ಕಿಂತ ಸ್ವಲ್ಪ ಕೆಳಗೆ. ಆದರೆ ಮನೆಯವರು, ಸ್ನೇಹಿತರು, ನಿಮ್ಮ ನಡತೆ ಎಂದು ಬಿಡಿಬಿಡಿಯಾಗಿ ಕೇಳಿದರೆ ತೃಪ್ತಿ ಇದೆ ಎಂದರು. ಬಡತನ ನೋಯಿಸುತ್ತದೆ, ಸಂಬಂಧಗಳು ಅದನ್ನು ಸ್ವಲ್ಪ ತಡೆದುಕೊಳ್ಳುತ್ತವೆ. ಎರಡೂ ನಿಜ. ಏಣಿಯ ಪ್ರಶ್ನೆಗೆ ಮೊದಲನೆಯದು ಸಿಗುತ್ತದೆ, ಎರಡನೆಯದು ಜಾರಿಹೋಗುತ್ತದೆ.

ಉತ್ತರ ಕೊಟ್ಟವರು ಯಾರು?

ವಿದ್ಯಾರ್ಥಿಗಳ ಕಥೆ ಬರುವುದು ಇಲ್ಲಿ. 2008ರಲ್ಲಿ ಜೆಫ್ರಿ ಆರ್ನೆಟ್ ಎಂಬ ಮನಃಶಾಸ್ತ್ರಜ್ಞ ತಮ್ಮ ಕ್ಷೇತ್ರದ ಪ್ರಮುಖ ಪತ್ರಿಕೆಗಳನ್ನು ಜಾಲಾಡಿದರು. ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ 96% ಪಶ್ಚಿಮದ ಕೈಗಾರಿಕಾ ದೇಶಗಳವರು. ಜಗತ್ತಿನ ಜನಸಂಖ್ಯೆಯಲ್ಲಿ ಆ ದೇಶಗಳ ಪಾಲು ಬರೀ 12%. ಸಾಮಾಜಿಕ ಮನಃಶಾಸ್ತ್ರದ ಒಂದು ದೊಡ್ಡ ಪತ್ರಿಕೆಯಲ್ಲಿ ಅಮೆರಿಕದ ಅಧ್ಯಯನಗಳ ಪೈಕಿ 67% ಪೂರ್ತಿಯಾಗಿ ಮನಃಶಾಸ್ತ್ರದ ಪದವಿ ವಿದ್ಯಾರ್ಥಿಗಳ ಮೇಲೇ ನಡೆದಿದ್ದವು. ಬೇರೆ ದೇಶಗಳಲ್ಲಿ ಇದು ಇನ್ನೂ ಜಾಸ್ತಿ, 80%.

ಕಾರಣ ಸರಳ. ಅಮೆರಿಕದಂಥ ದೇಶಗಳ ಹಲವು ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ ಮನಃಶಾಸ್ತ್ರ ವಿದ್ಯಾರ್ಥಿಗಳು ಪ್ರಯೋಗಗಳಲ್ಲಿ ಭಾಗವಹಿಸಿದರೆ ಕೋರ್ಸಿನಲ್ಲಿ ಅಂಕ ಸಿಗುತ್ತದೆ. ಪ್ರೊಫೆಸರಿಗೆ ಪುಕ್ಕಟೆಯಾಗಿ ಜನ ಸಿಗುತ್ತಾರೆ. ಅನುಕೂಲಕ್ಕೆ ಶುರುವಾದದ್ದು ಅಭ್ಯಾಸವಾಯಿತು, ಕೊನೆಗೆ ‘ಮನುಷ್ಯನ ಸ್ವಭಾವ ಹೀಗೆ’ ಎಂಬ ಪಠ್ಯವಾಯಿತು. 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಈ ಗುಂಪಿಗೆ ‘ವಿಯರ್ಡ್’ (WEIRD: ಪಶ್ಚಿಮದ, ಓದಿದ, ಕೈಗಾರಿಕಾ, ಶ್ರೀಮಂತ, ಪ್ರಜಾಪ್ರಭುತ್ವದ ಎನ್ನುವುದರ ಇಂಗ್ಲಿಷ್ ಮೊದಲಕ್ಷರಗಳು; ಆ ಪದಕ್ಕೆ ‘ವಿಚಿತ್ರ’ ಎಂಬ ಅರ್ಥವೂ ಇದೆ) ಎಂದು ಹೆಸರಿಟ್ಟು, ಇವರು ಮನುಷ್ಯಕುಲದ ಮಾದರಿಯಲ್ಲ, ಹಲವು ವಿಷಯಗಳಲ್ಲಿ ಅಪವಾದ ಎಂದು ತೋರಿಸಿದರು.

ವಿದ್ಯಾರ್ಥಿಗಳು ಸೇರಿದಾಗ

ಯುರೋಪಿನ ಮನಃಶಾಸ್ತ್ರ ವಿದ್ಯಾರ್ಥಿ ಸಂಘಗಳ ಒಕ್ಕೂಟ ಹುಟ್ಟಿದ್ದು 1987ರಲ್ಲಿ, ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ. ಯುರೋಪಿನ ವಿದ್ಯಾರ್ಥಿ ವಿನಿಮಯ ಯೋಜನೆ ಎರಾಸ್ಮಸ್ ಶುರುವಾದದ್ದೂ ಅದೇ ವರ್ಷ, 11 ದೇಶಗಳ 3244 ವಿದ್ಯಾರ್ಥಿಗಳೊಂದಿಗೆ. ಒಕ್ಕೂಟದ ವಾರ್ಷಿಕ ಸಮಾವೇಶ ಸುಮಾರು ಒಂದು ವಾರ ನಡೆಯುತ್ತದೆ, ಪ್ರತಿ ಸಲ ಬೇರೆ ದೇಶದಲ್ಲಿ. ಹಗಲು ಉಪನ್ಯಾಸ, ಕಾರ್ಯಾಗಾರ. ಒಂದು ಸಂಜೆ ಆಯಾ ದೇಶದವರು ತಮ್ಮ ತಿಂಡಿ-ತೀರ್ಥ ತಂದು ಹಂಚುತ್ತಾರೆ.

ಉಪನ್ಯಾಸಗಳಿಂದ ಏನೂ ಬದಲಾಗುವುದಿಲ್ಲ ಬಿಡಿ. ಬದಲಾವಣೆ ಬಂದದ್ದು ಬೇರೆ ಕಡೆಯಿಂದ. ಇದೇ ಒಕ್ಕೂಟದ ಬೇಸಿಗೆ ಶಿಬಿರದಿಂದ ಕಿರಿಯ ಸಂಶೋಧಕರ ಕಾರ್ಯಕ್ರಮ ಬೆಳೆಯಿತು. ಬೇರೆ ಬೇರೆ ದೇಶದ ಆರೇಳು ವಿದ್ಯಾರ್ಥಿಗಳ ಒಂದೊಂದು ತಂಡ ಒಂದೇ ಪ್ರಶ್ನೆಯನ್ನು ತಮ್ಮ ತಮ್ಮ ದೇಶದಲ್ಲಿ, ತಮ್ಮ ಭಾಷೆಯಲ್ಲಿ ಕೇಳಿ ಬರುತ್ತದೆ. 2020ರಲ್ಲಿ ಇಂಥ ವಿದ್ಯಾರ್ಥಿಗಳೂ ಸೇರಿದ ದೊಡ್ಡ ತಂಡವೊಂದರ ಕೆಲಸ ನೇಚರ್ ಹ್ಯೂಮನ್ ಬಿಹೇವಿಯರ್ ಪತ್ರಿಕೆಯಲ್ಲಿ ಬಂತು. ಲಾಭಕ್ಕಿಂತ ನಷ್ಟ ನಮ್ಮನ್ನು ಜಾಸ್ತಿ ಕಾಡುತ್ತದೆ ಎಂಬ ಕಾನ್ಮನ್ ಮತ್ತು ಟ್ವೆರ್ಸ್ಕಿ ಅವರ 1979ರ ಸಿದ್ಧಾಂತವನ್ನು 19 ದೇಶ, 13 ಭಾಷೆ, 4098 ಜನರ ಮೇಲೆ ಪರೀಕ್ಷಿಸಿದರು. ಸಿದ್ಧಾಂತ ಬಹುಪಾಲು ನಿಂತಿತು. ಆದರೆ ಪರಿಣಾಮ ಮೂಲ ಅಧ್ಯಯನದಷ್ಟು ಜೋರಾಗಿರಲಿಲ್ಲ.

ಈ ಕಾರ್ಯಕ್ರಮ ಕಟ್ಟಿದ ಮನಃಶಾಸ್ತ್ರಜ್ಞ ಕೈ ರುಗ್ಗೇರಿ (Kai Ruggeri) ಮತ್ತು ಸಂಗಡಿಗರು ಅದೇ ವರ್ಷ ಸಂತೋಷದ ಬಗ್ಗೆಯೂ ಒಂದು ವಿಶ್ಲೇಷಣೆ ಪ್ರಕಟಿಸಿದರು. ಯುರೋಪಿನ 21 ದೇಶಗಳ ಸಮೀಕ್ಷೆ ತಗೊಂಡು, ಒಂದೇ ಅಂಕದ ಬದಲು ಹತ್ತು ಬೇರೆ ಬೇರೆ ಅಂಶ ನೋಡಿದರು. ಬದುಕಿಗೆ ಅರ್ಥ ಇದೆಯಾ, ಸಂಬಂಧಗಳು ಹೇಗಿವೆ, ಬಿದ್ದರೆ ಏಳುವ ಶಕ್ತಿ ಇದೆಯಾ, ಹೀಗೆ. ಒಟ್ಟು ಅಂಕದಲ್ಲಿ ಹತ್ತಿರ ಹತ್ತಿರ ಇದ್ದ ದೇಶಗಳೂ ಬಿಡಿ ಅಂಶಗಳಲ್ಲಿ ದೂರ ದೂರ ಇದ್ದವು. ಸರ್ಕಾರಕ್ಕೆ ಬೇಕಾದ ಮಾಹಿತಿ ಇದು. 4.389 ಎಂಬ ಅಂಕ ಇಟ್ಟುಕೊಂಡು ಯಾವ ಇಲಾಖೆ ಏನು ಮಾಡೀತು?

ಒಂದು ವಾರದ ಮಧುಚಂದ್ರ

ಸಂಸ್ಕೃತಿಗಳ ಕೊಡುಕೊಳ್ಳುವಿಕೆಯ ಬಗ್ಗೆ ಮಾತ್ರ ಸ್ವಲ್ಪ ಹುಷಾರಾಗಿರಬೇಕು. ಬೇರೆ ಬೇರೆ ಜನ ಸೇರಿದರೆ ಪೂರ್ವಗ್ರಹ ಕಡಿಮೆಯಾಗುತ್ತದೆ ಎನ್ನುವುದು ನಿಜ. 515 ಅಧ್ಯಯನಗಳನ್ನು ಒಟ್ಟಿಗಿಟ್ಟು 2006ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ ಇದನ್ನು ತೋರಿಸಿದರು. ಆದರೆ ಈ ವಾದ ಶುರುಮಾಡಿದ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಷರತ್ತು ಹಾಕಿದ್ದರು. ಸೇರಿದವರು ಸಮಾನರಾಗಿರಬೇಕು, ಗುರಿ ಒಂದೇ ಇರಬೇಕು, ಕೈಜೋಡಿಸಿ ಕೆಲಸ ಮಾಡಬೇಕು, ಹಿಂದೆ ಸಂಸ್ಥೆಯ ಬೆಂಬಲ ಇರಬೇಕು. ತಿಂಡಿ ಹಂಚುವ ಸಂಜೆಯಲ್ಲಿ ಕೈಜೋಡಿಸಿ ಮಾಡುವ ಕೆಲಸವೇ ಇಲ್ಲ. ವರ್ಷವಿಡೀ ನಡೆಯುವ ಸಂಶೋಧನೆಯಲ್ಲಿ ನಾಲ್ಕೂ ಇವೆ.

ಸಮಯದ ಲೆಕ್ಕವೂ ಇದೆ. ನಾರ್ವೆಯ ಸ್ವೆರ್ರೆ ಲಿಸ್ಗಾರ್ಡ್, ಅಮೆರಿಕಕ್ಕೆ ಹೋಗಿಬಂದ ತನ್ನ ದೇಶದವರ ಅನುಭವ ಸಂಗ್ರಹಿಸಿ 1955ರಲ್ಲಿ ಪ್ರಕಟಿಸಿದರು. ಮೊದಮೊದಲು ಎಲ್ಲ ಚೆಂದ. ಕಷ್ಟ ಶುರುವಾಗುವುದು ತಿಂಗಳುಗಳ ಮೇಲೆ, ಆರರಿಂದ ಹದಿನೆಂಟು ತಿಂಗಳ ನಡುವೆ. ಎಲ್ಲರೂ ಇದೇ ದಾರಿಯಲ್ಲಿ ಹೋಗುವುದಿಲ್ಲ ಎಂದು ಆಮೇಲಿನವರು ತಿದ್ದಿದ್ದಾರೆ. ಆದರೂ ಒಂದು ವಾರದ ಸಮಾವೇಶ ಪೂರ್ತಿ ಆ ಚೆಂದದ ಅವಧಿಯೊಳಗೇ ಮುಗಿಯುತ್ತದೆ ಎನ್ನುವುದು ಸ್ಪಷ್ಟ. ಅಲ್ಲಿ ಕಂಡ ಸಂತೋಷ ನೋಡಿ ವಿದೇಶದಲ್ಲಿ ಓದುವವರ ಬದುಕೇ ಹೀಗೆ ಅಂದುಕೊಂಡರೆ ಕೆಟ್ಟೆವು.

ಹಾಗಂತ ಮುಖಾಮುಖಿ ಸೇರುವುದು ದಂಡ ಅಲ್ಲ. 2025ರ ವರದಿಯ ಪ್ರಕಾರ, ಜಗತ್ತಿನ ಯುವಜನರಲ್ಲಿ 19% ಮಂದಿ ಕಷ್ಟಕ್ಕೆ ಆಗುವವರು ಯಾರೂ ಇಲ್ಲ ಎಂದಿದ್ದಾರೆ. ಅದು 2023ರ ಲೆಕ್ಕ. 2006ಕ್ಕೆ ಹೋಲಿಸಿದರೆ 39% ಏರಿಕೆ.

ನಮ್ಮ ಕಡೆಯ ಲೆಕ್ಕ

ಎರವಲು ಅಳತೆಗೋಲಿನ ಸಮಸ್ಯೆ ಕರ್ನಾಟಕಕ್ಕೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಲಂಡನ್ನಿನಲ್ಲಿ ಓದಿ ಬಂದ ಡಾ. ಎಂ.ವಿ. ಗೋಪಾಲಸ್ವಾಮಿ ಅದನ್ನು ಕಟ್ಟಿದರು. 1935ರಲ್ಲಿ ಮನೆಯಲ್ಲೇ ಆಕಾಶವಾಣಿ ಶುರುಮಾಡಿದವರೂ ಇವರೇ. ಅದೇ ಕಾಲದಲ್ಲಿ ವಿ.ವಿ. ಕಾಮತ್ ಇನ್ನೊಂದು ಕೆಲಸ ಮಾಡಿದರು. ಫ್ರಾನ್ಸಿನಲ್ಲಿ ಹುಟ್ಟಿದ ಬಿನೆ ಬುದ್ಧಿ ಪರೀಕ್ಷೆಯನ್ನು ಹಾಗೇ ಎತ್ತಿ ತಂದು ನಮ್ಮ ಮಕ್ಕಳ ಮೇಲೆ ಹೇರಲಿಲ್ಲ. ಕನ್ನಡ, ಮರಾಠಿ ಮಾತಾಡುವ ಮಕ್ಕಳ ಹತ್ತಿರ ಕೂತು, ಪರೀಕ್ಷಿಸಿ, ತಿದ್ದಿ ಬಳಕೆಗೆ ತಂದರು. ಬಿನೆ-ಕಾಮತ್ ಪರೀಕ್ಷೆಯ ಹೆಸರು ಈಗಲೂ ಕ್ಲಿನಿಕ್‌ಗಳಲ್ಲಿ ಕೇಳುತ್ತದೆ.

ಸಂತೋಷದ ವಿಷಯದಲ್ಲಿ ಅಂಥ ಕೆಲಸಕ್ಕಿಂತ ಮೊದಲು ಸರ್ಕಾರಗಳೇ ಮುಂದೆ ಓಡಿವೆ. ಮಧ್ಯಪ್ರದೇಶ 2016ರಲ್ಲಿ ಆನಂದ ಇಲಾಖೆಯನ್ನೇ ತೆರೆಯಿತು. ದೆಹಲಿಯ ಸರ್ಕಾರಿ ಶಾಲೆಗಳಿಗೆ 2018ರಲ್ಲಿ ಸಂತೋಷದ ಪಠ್ಯಕ್ರಮ ಬಂತು. ಅಳತೆ ಗಟ್ಟಿಯಾಗುವ ಮೊದಲೇ ಯೋಜನೆ ಮಾಡಿದರೆ, ಅದು ಫಲ ಕೊಟ್ಟಿತೋ ಇಲ್ಲವೋ ಹೇಳುವುದಕ್ಕೆ ದಾರಿ ಇರುವುದಿಲ್ಲ. ಪಟ್ಟಿಯಲ್ಲಿ ನಾಲ್ಕು ಸ್ಥಾನ ಮೇಲೆ ಬಂದರೆ ನಮ್ಮಿಂದ, ಕೆಳಗೆ ಹೋದರೆ ಸಮೀಕ್ಷೆಯವರ ತಪ್ಪು ಎನ್ನುವ ಮಾತು ಅಲ್ಲಿಂದಲೇ ಹುಟ್ಟುತ್ತದೆ.

ಇದರಲ್ಲಿ ಒಂದು ವಿಪರ್ಯಾಸ ಇದೆ. ಏಣಿಯ ಪ್ರಶ್ನೆ ಒರಟು, ಒಪ್ಪೋಣ. ಆದರೆ ಅದನ್ನು ಹಿಡಿದು ಹೊರಟವರು ಭಾರತದಲ್ಲಿ ಮನೆ ಮನೆಗೆ ಹೋಗಿ ಕೂತು ಕೇಳುತ್ತಾರೆ. ಸೂಕ್ಷ್ಮವಾದ ಪ್ರಶ್ನೆಗಳು ಇರುವುದು ಕಾಲೇಜುಗಳಲ್ಲಿ. ಅಲ್ಲಿ ಪ್ರಾಜೆಕ್ಟ್ ಮುಗಿಸುವ ಸುಲಭದ ದಾರಿ ಎಂದರೆ ಇಂಗ್ಲಿಷಿನ ಗೂಗಲ್ ಫಾರ್ಮ್ ಒಂದನ್ನು ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ‘ಪ್ಲೀಸ್ ಫಿಲ್ ಮಾಡಿ, ಫ್ರೆಂಡ್ಸ್‌ಗೂ ಕಳಿಸಿ’ ಎನ್ನುವುದು. ಆರ್ನೆಟ್ ಅಮೆರಿಕದಲ್ಲಿ ಎಣಿಸಿದ ಪದವಿ ವಿದ್ಯಾರ್ಥಿಗಳ ಜಾಗಕ್ಕೆ ಬೆಂಗಳೂರಿನ ಪದವಿ ವಿದ್ಯಾರ್ಥಿಗಳು ಬರುತ್ತಾರೆ, ಅಷ್ಟೇ. ಯುರೋಪಿನ ಸಮಾವೇಶಕ್ಕೂ ಹೋಗಬಲ್ಲವರು ವೀಸಾ, ಟಿಕೆಟ್ಟಿನ ದುಡ್ಡು ಹೊಂದಿಸಬಲ್ಲವರು ಮಾತ್ರ. ರಾಯಚೂರಿನ ಹೊಲದಲ್ಲಿ ಹತ್ತಿ ಬಿಡಿಸುವ ಹೆಂಗಸಿಗೆ ನಿನ್ನೆ ವಿಶ್ರಾಂತಿ ಸಿಕ್ಕಿತಾ, ಮಾಲೀಕ ಮರ್ಯಾದೆಯಿಂದ ಮಾತಾಡಿಸಿದನಾ ಎಂದು ಅವಳ ಮಾತಿನಲ್ಲೇ ಕೇಳಬೇಕಾದರೆ ಯಾರಾದರೂ ಆ ಹೊಲಕ್ಕೆ ಹೋಗಬೇಕು. ಕಲಬುರಗಿಯಲ್ಲೋ ಬಳ್ಳಾರಿಯಲ್ಲೋ ಮನಃಶಾಸ್ತ್ರ ಓದುವವರಿಗೆ ಆ ಹೊಲ ಲಿಸ್ಬನ್ನಿಗಿಂತ ಬಹಳ ಹತ್ತಿರ, ಬಸ್ ಚಾರ್ಜೂ ಕಡಿಮೆ.